ಡ್ರೈವರ್ ಸೀಡಿ ಒಳಗೇ ಉಂಟು

ದೀಪಾವಳಿ ಆಸುಪಾಸಿನ ಸಂಜೆ ಗುಡುಗು ಶುರುವಾದರೆ ಕಾಸರಗೋಡಿನ ಮನೆಗಳಲ್ಲಿ ಟೀವಿ, ಫ್ರಿಜ್ಜು, ಕಂಪ್ಯೂಟರ್ ಎಲ್ಲದರ ಪ್ಲಗ್ ಕೀಳುತ್ತೇವೆ. ಮೋಡೆಮಿನಿಂದ ಬಂದ ಲ್ಯಾನ್ ವಯರ್ ಮಾತ್ರ ಸಿಕ್ಕಿಸಿದಲ್ಲೇ ಇರುತ್ತದೆ. ಸಿಡಿಲು ಅದರಲ್ಲೇ ಬರುತ್ತದೆ. ಮರುದಿನ ಕಂಪ್ಯೂಟರ್ ಏನೂ ಆಗದವರಂತೆ ಎದ್ದು ಕೂರುತ್ತದೆ. ನೆಟ್ಟಿನ ಸ್ಥಿತಿ ತೋರಿಸುವ ‘ಐಎಫ್‌ಕಾನ್ಫಿಗ್’ ಆಜ್ಞೆ ಕೊಟ್ಟರೆ ‘ನೋ ಕ್ಯಾರಿಯರ್’, ಅಂದರೆ ವಯರಿನಲ್ಲಿ ಸಂಕೇತವೇ ಇಲ್ಲ. ವಯರ್ ಬದಲಿಸಿದರೂ ಅದೇ ಪಾಡಾದರೆ ಪೋರ್ಟ್ ಸುಟ್ಟಿತೆಂದೇ ಲೆಕ್ಕ. ಹೊಸ ನೆಟ್‌ವರ್ಕ್ ಕಾರ್ಡು ತರಬೇಕು.

ಕಂಪ್ಯೂಟರಿನಲ್ಲಿ ಓಡಿಸುವುದು ವಿಂಡೋಸ್ ಅಲ್ಲ, ಯುನಿಕ್ಸ್ ಬಳಗದ ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ ಆದರೆ ತಾಪತ್ರಯ ಇಲ್ಲಿಂದ. ಪೆಟ್ಟಿಗೆಯ ಮೇಲೆ ವೇಗ, ವಾರಂಟಿ, ಹತ್ತಾರು ಭಾಷೆಯ ಉಪದೇಶ ಎಲ್ಲ ಇರುತ್ತದೆ, ಒಳಗಿನ ಚಿಪ್ ಯಾವುದೆಂಬುದೊಂದು ಬಿಟ್ಟು. ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ನೋಡುವುದು ಅದೊಂದನ್ನೇ!

ಅಂಗಡಿಯವನನ್ನು ಕೇಳುತ್ತೇನೆ, “ಚಿಪ್ ಯಾವುದು?”

“ಡ್ರೈವರ್ ಸೀಡಿ ಒಳಗೇ ಉಂಟು ಸಾರ್.”

“ಅದಲ್ಲ, ಚಿಪ್?”

“ಒಳ್ಳೇದೇ. ಸೀಡಿ ಹಾಕಿ, ನೆಕ್ಸ್ಟ್ ನೆಕ್ಸ್ಟ್ ಒತ್ತಿ.”

ಯುನಿಕ್ಸ್ ಎಂದರೆ “ಓ, ಮಕ್ಕಳಿಗೆ ಶಾಲೆಯಲ್ಲಿ ಉಂಟಲ್ಲ, ಅದಾ?” ಅನ್ನುತ್ತಾನೆ. ಕೇರಳದ ಶಾಲೆಗಳಲ್ಲಿ ಐಟಿ ಪಾಠ ನಡೆಯುವುದು ಯುನಿಕ್ಸಿನ ದಾಯಾದಿ ಲಿನಕ್ಸಿನಲ್ಲಿ. ಇಲ್ಲಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿತವರು. ಹತ್ತನೇ ಕ್ಲಾಸು ದಾಟಿದ ಮೇಲೆ ಅವರೆಲ್ಲ ಎಲ್ಲಿ ಹೋಗುತ್ತಾರೋ! ಒಬ್ಬರಾದರೂ ಕೌಂಟರಿನ ಆಚೆ ನಿಂತಿರಬಾರದಿತ್ತೇ ಅನಿಸುತ್ತದೆ. ಇರಲಿ. ಚಿಪ್ ಕಾಣಬೇಕಾದರೆ ಸೀಲ್ ಒಡೆಯಬೇಕು, ಸೀಲ್ ಒಡೆದ ಮಾಲು ವಾಪಸಿಲ್ಲ.

ಯುಎಸ್‌ಬಿಗೆ ಚುಚ್ಚುವ ವೈಫೈ ಡಾಂಗಲ್‌ನ ಕತೆ ಇನ್ನೂ ಚಂದ. ಅದೇ ಹೆಸರು, ಅದೇ ಪೆಟ್ಟಿಗೆ. ಮೊದಲ ಆವೃತ್ತಿಯಲ್ಲಿ ಒಂದು ಕಂಪನಿಯ ಚಿಪ್, ಎರಡನೆಯದರಲ್ಲಿ ಬೇರೆಯವರದ್ದು. ಗುರುತು ಹಿಂಬದಿಯಲ್ಲಿ ಇರುವೆಯಷ್ಟಿರುವ ‘ವಿ2’ ಮಾತ್ರ. ಇನ್ನು ಕೆಲವು ಚುಚ್ಚಿದ ಕೂಡಲೇ ತಾನು ವೈಫೈಯೇ ಅಲ್ಲ, ಸೀಡಿ ಡ್ರೈವ್ ಎನ್ನುತ್ತವೆ! ಹೊಟ್ಟೆಯೊಳಗೆ ವಿಂಡೋಸ್ ಡ್ರೈವರ್ ಇಟ್ಟುಕೊಂಡು ಬಂದಿರುತ್ತವೆ. ವಿಂಡೋಸ್ ಆ ಡ್ರೈವರ್ ಹಾಕಿಕೊಂಡಾಗಷ್ಟೇ ವೇಷ ಕಳಚುತ್ತವೆ. ನಾವು ‘ಕ್ಯಾಮ್‌ಕಂಟ್ರೋಲ್ ಇಜೆಕ್ಟ್ ಸಿಡಿ0’ ಎಂದು ಇಲ್ಲದ ಸೀಡಿಯನ್ನು ಹೊರಗೆ ತಳ್ಳಬೇಕು. ಸೀಡಿ ಡ್ರೈವ್ ಮಾಯವಾಗಿ ಅದೇ ಡಾಂಗಲ್ ಬೇರೆ ಗುರುತಿನ ಸಂಖ್ಯೆ ಹೊತ್ತು ಬರುತ್ತದೆ. ಇಷ್ಟೆಲ್ಲ ಆದ ಮೇಲೆ ಆ ಚಿಪ್‌ಗೆ ಇಲ್ಲಿ ಡ್ರೈವರೇ ಇಲ್ಲ ಎಂದೂ ಆಗಬಹುದು. ಅಂಗಡಿಯವ ಹೇಳಿದ್ದು ಸುಳ್ಳಲ್ಲ ನೋಡಿ, ಸೀಡಿ ನಿಜವಾಗಿಯೂ ಒಳಗೇ ಉಂಟು.

ಈ ಸಿಟ್ಟು ಡ್ರೈವರ್ ಬರೆಯುವವರಿಗೂ ಬಂದದ್ದೇ. 1998ರ ಸುಮಾರಿಗೆ ರಿಯಲ್‌ಟೆಕ್ ಕಂಪನಿಯ 8139 ಎಂಬ ನೆಟ್‌ವರ್ಕ್ ಚಿಪ್‌ಗೆ ಫ್ರೀಬಿಎಸ್‌ಡಿ ಡ್ರೈವರ್ ಬರೆದ ಬಿಲ್ ಪಾಲ್, ಇದು ಈವರೆಗಿನ ಪಿಸಿಐ ಈಥರ್‌ನೆಟ್ ಚಿಪ್‌ಗಳಲ್ಲೇ ಬಹುಶಃ ಅತ್ಯಂತ ಕೆಟ್ಟದ್ದು ಎಂದು ಕೋಡಿನ ಟಿಪ್ಪಣಿಯಲ್ಲೇ ಬರೆದಿಟ್ಟರು. ಕಳುಹಿಸುವ ಪ್ಯಾಕೆಟ್ (ಮಾಹಿತಿಯ ತುಂಡು) ಎಲ್ಲಿದೆಯೆಂದು ಚಿಪ್‌ಗೆ ತಿಳಿಸುವ ಡಿಸ್ಕ್ರಿಪ್ಟರ್ ನಾಲ್ಕೇ. ಪ್ಯಾಕೆಟ್ ಮೆಮೊರಿಯಲ್ಲಿ ನಾಲ್ಕು ಬೈಟಿನ ಗಡಿಯಿಂದಲೇ ಶುರುವಾಗಬೇಕೆಂಬ ಹಠ. ಹಾಗಾಗಿ ಕಳುಹಿಸುವ ಮುಂಚೆ ಪ್ರೊಸೆಸರ್ ಅದನ್ನು ಸರಿಯಾದ ಜಾಗಕ್ಕೆ ನಕಲು ಮಾಡಿಕೊಡಬೇಕು. ಬೈದರು, ಬೈದುಕೊಂಡೇ ಡ್ರೈವರ್ ಮುಗಿಸಿದರು. ಪೆಟ್ಟಿಗೆಗಿಂತ ಆ ಟಿಪ್ಪಣಿಗೇ ಮರ್ಯಾದೆ ಹೆಚ್ಚು.

ಕಾರ್ಡು ಹಾಕಿದ ಮೇಲೆ ಒಳಗಿರುವ ಕಾರ್ಡುಗಳ ಪಟ್ಟಿ ತೋರಿಸುವ ‘ಪಿಸಿಐಕಾನ್ಫ್ -ಎಲ್‌ವಿ’ ಕೊಡಿ. ಸಾಲು ‘ನನ್0’ ಎಂದು ಶುರುವಾದರೆ ಯಾವ ಡ್ರೈವರೂ ಅದನ್ನು ತನ್ನದೆಂದು ಒಪ್ಪಿಲ್ಲ. ರಿಯಲ್‌ಟೆಕ್ ಡ್ರೈವರಿನ ಹೆಸರು ‘ಆರ್‌ಇ0’ ಎಂದು ಬಂದೂ ನಡುನಡುವೆ ‘ವಾಚ್‌ಡಾಗ್ ಟೈಮ್‌ಔಟ್’ ಎಂದು ನೆಟ್ ಬಿಕ್ಕಳಿಸಿದರೆ ಬೇರೆ ಡ್ರೈವರ್ ಇರುವ ‘ರಿಯಲ್‌ಟೆಕ್-ಆರ್‌ಇ-ಕೆಮಾಡ್’ ಪ್ಯಾಕೇಜು ಹಾಕಬೇಕು. ನೆಟ್ ಇಲ್ಲದೆ ಇಳಿಸುವುದು ಹೇಗೆ? ಆಂಡ್ರಾಯ್ಡ್ ಫೋನು ಯುಎಸ್‌ಬಿಗೆ ಸಿಕ್ಕಿಸಿ, ಟೆದರಿಂಗ್ ಒತ್ತಿ, ಫೋನಿನ ಡ್ರೈವರ್ ಹಾಕಲು ‘ಕೆಎಲ್‌ಡಿಲೋಡ್ ಐಎಫ್_ಯುಆರ್‌ಎನ್‌ಡಿಐಎಸ್’, ಆಮೇಲೆ ನೆಟ್ ವಿಳಾಸ ಪಡೆಯಲು ‘ಡಿಎಚ್‌ಕ್ಲೈಂಟ್ ಯುಇ0’. ಕಂಪ್ಯೂಟರ್ ಏಳುವಾಗ ಓದುವ ಲೋಡರ್.ಕಾನ್ಫ್ ಕಡತದಲ್ಲಿ ‘ಐಎಫ್_ಆರ್‌ಇ_ಲೋಡ್’ ಜತೆಗೆ ‘ಐಎಫ್_ಆರ್‌ಇ_ನೇಮ್’ ಸಾಲೂ ಬೇಕು. ಹೊಸ ಡ್ರೈವರ್ ಮಾಡ್ಯೂಲ್ ಇರುವ ದಾರಿ ತೋರಿಸದಿದ್ದರೆ ಹಳೆಯದೇ ಬಂದು ಕೂರುತ್ತದೆ.

ಇಷ್ಟಾದರೂ ದೀಪ ಮಿನುಗುತ್ತದೆ, ವಿಳಾಸ ಬರುವುದಿಲ್ಲ. ಕಾರಣ, ಇಲ್ಲಿ ಕಾರ್ಡಿನ ಹೆಸರು ಡ್ರೈವರಿನದ್ದು. ಸುಟ್ಟದ್ದು ಇಂಟೆಲ್‌ನ ‘ಇಎಂ0’, ಬಂದದ್ದು ‘ಆರ್‌ಇ0’, ಸೆಟ್ಟಿಂಗ್ ಬರೆದಿಡುವ ಆರ್‌ಸಿ.ಕಾನ್ಫ್ ಕಡತ ಇನ್ನೂ ಹೋದವರ ಹೆಸರನ್ನೇ ಕರೆಯುತ್ತಿರುತ್ತದೆ. ಅಲ್ಲಿ ‘ಐಎಫ್‌ಕಾನ್ಫಿಗ್_ಡಿಫಾಲ್ಟ್’ಗೆ ಡಿಎಚ್‌ಸಿಪಿ (ವಿಳಾಸ ತಾನೇ ಪಡೆ) ಎಂದು ಬರೆದಿಟ್ಟರೆ ಯಾವ ಹೆಸರಿನ ಕಾರ್ಡು ಬಂದರೂ ನಡೆಯುತ್ತದೆ. ಮುಂದಿನದ್ದು ಯಾವುದು ಬರುತ್ತದೆಂದು ಅಂಗಡಿಯವನಿಗೇ ಗೊತ್ತಿಲ್ಲವಲ್ಲ.