ಐದು ವರ್ಷಕ್ಕೊಮ್ಮೆ ಸರಿಯುವ ಬಂಡೆ

ಅಮೆರಿಕದ ಮೊಹಾವಿ ಮರುಭೂಮಿಯಲ್ಲಿ ಆಮೆಗೋಸ್ಕರವೂ ನಕ್ಷೆ ಬಿಚ್ಚುತ್ತಾರೆ. ಎಲ್ಲಿ ಹೊಸ ಮೆಕ್ಕಲು, ಎಲ್ಲಿ ಗಟ್ಟಿಯಾದ ಹಳೇ ನೆಲ, ಮಳೆ ಬಂದರೆ ನೀರು ಎಲ್ಲಿ ಇಂಗುತ್ತದೆ, ಆಮೆ ಎಲ್ಲಿ ಬಿಲ ತೋಡುತ್ತದೆ, ಎಲ್ಲವನ್ನೂ ಭೂವಿಜ್ಞಾನಿಗಳು ನಡೆದು ನೋಡಿ ಬಣ್ಣ ಬಳಿದಿಟ್ಟಿದ್ದಾರೆ. ವರ್ಷಕ್ಕೆ 150 ಮಿ.ಮೀ. ಮಳೆಯೂ ನೆಟ್ಟಗೆ ಬೀಳದ ಜಾಗ. ಪಾಪ, ಇನ್ನೇನು ಮಾಡುತ್ತಾರೆ?

ನಮ್ಮ ಅರಸೀಕೆರೆ, ಕಡೂರಿಗೆ ಅದರ ಮೂರು-ನಾಲ್ಕು ಪಟ್ಟು ಮಳೆ. ಜೊತೆಗೆ ತೆಂಗಿನಕಾಯಿ ಇದೆ.

ನಕ್ಷೆ ಇಲ್ಲ ಅಂತಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಶುರುವಾಗಿದ್ದು 1851ರಲ್ಲಿ. ಕೇಂದ್ರ ಅಂತರ್ಜಲ ಮಂಡಳಿ 2012ರಿಂದ ನೆಲದಡಿಯ ನೀರಿನ ಪದರಗಳ ನಕ್ಷೆಗೇ ಕೂತಿದೆ. ಆದರೆ ನಕ್ಷೆಯನ್ನು ಅಂಗೈ ಮೇಲಿಟ್ಟರೆ ಎದ್ದು ನಿಲ್ಲುವುದಿಲ್ಲ. ಅದೇ ಅದರ ದೋಷ. ಕಾಯಿ ನಿಲ್ಲುತ್ತದೆ.

ಬೋರ್‌ವೆಲ್ ಪಾಯಿಂಟ್ ತೋರಿಸುವವರು ಜುಟ್ಟು ಮುಂದೆ ಮಾಡಿ ಕಾಯಿ ಮಲಗಿಸಿಕೊಂಡು ತೋಟವೆಲ್ಲ ಸುತ್ತುತ್ತಾರೆ. ಕಾಯಿ ಎದ್ದ ಕಡೆ ಒಂದು ಕಲ್ಲು, ಅರಿಶಿನ, ಕುಂಕುಮ. ರಾತ್ರಿ ಬೋರ್ ಲಾರಿ ಬರುತ್ತದೆ. 600 ಅಡಿ ಹೋದರೂ ಬರೀ ಬಿಳಿ ಧೂಳು. "ಇನ್ನೊಂದು ನೂರಡಿ ಬಿಡಣ ಅಣ್ಣ, ಕೆಳಗೈತೆ" ಅನ್ನುತ್ತಾನೆ ಏಜೆಂಟ್. ಅವನಿಗೆ ದುಡ್ಡು ಅಡಿ ಲೆಕ್ಕದಲ್ಲಿ. ನಂಬಿಕೆಯೂ ಅದೇ ಲೆಕ್ಕದಲ್ಲಿ.

ಸರ್ಕಾರಿ ಬೋರ್‌ವೆಲ್ ಅಂದರೆ ಕಾಯಿಯೂ ಬೇಡ. ನಮ್ಮದು ಗಟ್ಟಿ ಬಂಡೆಯ ನಾಡು, ಆಳಕ್ಕೆ ಹೋದರೆ ನೀರಿರುವುದು ಬಿರುಕಿನಲ್ಲಿ ಮಾತ್ರ. ಗೊರೂರು ಕಡೆಯ ನೈಸ್ (gneiss) ಅನ್ನುವ ಜಾತಿಯ ಬಂಡೆಗೆ 300 ಕೋಟಿ ವರ್ಷಕ್ಕೂ ಜಾಸ್ತಿ ವಯಸ್ಸು. ಇಂಥ ಮುದಿ ಬಂಡೆಯ ಬಿರುಕು ಪಂಚಾಯ್ತಿ ಎಲೆಕ್ಷನ್ ರಿಸಲ್ಟ್ ಬಂದ ವಾರಕ್ಕೆ ಜಾಗ ಬದಲಿಸುತ್ತದೆ ಅಂದರೆ ನಂಬುತ್ತೀರಾ? ಹೋದ ಸಲ ಹಳೇ ಅಧ್ಯಕ್ಷರ ಮನೆ ಅಂಗಳದಲ್ಲಿತ್ತು. ಈ ಸಲ ಹೊಸ ಅಧ್ಯಕ್ಷರ ಭಾವಮೈದನ ತೋಟದ ಬದುವಿಗೆ ಬಂದಿದೆ. ಊರಾಚೆಯ ಕಾಲೋನಿ ಕಡೆಗೆ ಮಾತ್ರ ಒಮ್ಮೆಯೂ ತಿರುಗಿಲ್ಲ. ಯಾವ ಬೀದಿಗೆ ಹೋಗಬೇಕು, ಯಾವುದಕ್ಕೆ ಹೋಗಬಾರದು ಅಂತ ಬಂಡೆಗೂ ಯಾರೋ ಹೇಳಿಕೊಟ್ಟಿದ್ದಾರೆ.

ಜಿಯಾಲಜಿಸ್ಟ್ ಬರುವುದೂ ಉಂಟು. ಬಿಸಿಲಲ್ಲಿ ಕಂಬಿ ನೆಟ್ಟು, ವೈರ್ ಎಳೆದು, ಮೀಟರ್ ನೋಡಿ ಹೇಳುತ್ತಾರೆ: "ಇಲ್ಲಿ ಬೇಡ. ಕಾಲೋನಿ ಹಿಂದಿನ ಹಳ್ಳದ ಪಕ್ಕ ಕೊರೆಸಿ."

ಅಧ್ಯಕ್ಷರು ಎಳನೀರು ಕೊಚ್ಚಿಸಿ ಕೈಗೆ ಕೊಡುತ್ತಾರೆ. "ಹಂಗೇ ಬರ್ದು ಸೈನ್ ಹಾಕಿ ಸಾರ್. ಕೊರೆಯೋ ಜಾಗ ನಾವು ನೋಡ್ಕೋತೀವಿ."