ಸಾವಿರ ಸತ್ಯ ಹೇಳಿ ಒಂದು ಮದುವೆ

ಕಳೆದ ವಾರ ನನ್ನ ಹೆಗಲಿಗೆ ವಿಚಿತ್ರವಾದ ಹೊಣೆಯೊಂದು ಬಿದ್ದಿದೆ. ಇಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ನಮ್ಮ ಮನೆಯಿಂದ ಎರಡು ಬೀದಿಯಾಚೆ ಇರುವ ದಾವಣಗೆರೆ ಕಡೆಯ ಕುಟುಂಬವೊಂದರ ಮಗ, ಚಿಕ್ಕಂದಿನಲ್ಲಿ ನಮ್ಮ ಸೋಫಾದ ಮೇಲೆ ಕುಣಿದು ಅದರ ಸ್ಪ್ರಿಂಗು ಮುರಿದವನು, ಫಿಲಿಪ್ಪೀನ್ಸಿನ ಇಲೊಯಿಲೊ ನಗರದ ಹುಡುಗಿಯನ್ನು ಮದುವೆಯಾಗಿ ಹದಿನಾಲ್ಕು ತಿಂಗಳಾಯಿತು. ಹುಡುಗಿ ಅಲ್ಲೇ ಇದ್ದಾಳೆ, ಹುಡುಗ ಇಲ್ಲೇ ಇದ್ದಾನೆ, ನಡುವೆ ಬ್ರಿಟನ್ನಿನ ಸಂಗಾತಿ ವೀಸಾ ಇದೆ. ಮೊನ್ನೆ ಅವನು ಬಂದು ಚಹಾ ಕುಡಿದು, ಸ್ವಲ್ಪ ಹೊತ್ತು ಹವಾಮಾನದ ಮಾತಾಡಿ, ಕೊನೆಗೆ "ಅಂಕಲ್, ನಾವಿಬ್ಬರೂ ನಿಜವಾಗಿಯೂ ಗಂಡ ಹೆಂಡತಿ ಅಂತ ನೀವೊಂದು ಪತ್ರ ಬರೆದುಕೊಡಬೇಕು" ಎಂದ. ಆ ಮದುವೆಗೆ ನಾನೂ ನನ್ನ ಹೆಂಡತಿಯೂ ಹೋಗಿ ಬಂದವರು. ಮದುವೆಗೆ ಹೋಗಿ ಹರಸಿ, ಉಂಡು ಬಂದರೆ ನಮ್ಮ ಕೆಲಸ ಮುಗಿಯಿತೆಂದು ತಿಳಿದಿದ್ದ ನನಗೆ, ಹರಸಿದ್ದಕ್ಕೆ ರಸೀದಿಯನ್ನೂ ಕೊಡಬೇಕಾಗುತ್ತದೆ ಎಂಬುದು ಹೊಸ ವಿಷಯ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದ ನಮ್ಮ ಹಿರಿಯರು ಈ ದೇಶದ ವಲಸೆ ನಿಯಮಗಳನ್ನು ಓದಿದವರಲ್ಲ. ಇಲ್ಲಿ ಆಗಿಹೋಗಿರುವ ಒಂದು ಮದುವೆಯನ್ನು ನಂಬಿಸಲು ಸಾವಿರ ಸತ್ಯಗಳನ್ನು ಹೇಳಬೇಕು ಮತ್ತು ಪ್ರತಿಯೊಂದು ಸತ್ಯಕ್ಕೂ ಒಂದು ದಾಖಲೆ ಲಗತ್ತಿಸಬೇಕು. ಮದುವೆ ಕಾನೂನುಬದ್ಧವಾಗಿದ್ದರೆ ಸಾಲದು, ಸಂಬಂಧವು ನೈಜವಾಗಿರಬೇಕು ಮತ್ತು ಚಾಲ್ತಿಯಲ್ಲಿರಬೇಕು ಎನ್ನುತ್ತದೆ ನಿಯಮ. ಚಾಲ್ತಿ ಎಂಬ ಪದವನ್ನು ನಾನು ಇದುವರೆಗೆ ಬ್ಯಾಂಕಿನ ಖಾತೆಗೆ ಮಾತ್ರ ಬಳಸುತ್ತಿದ್ದೆ. ಖಾತೆಯಲ್ಲಿ ಜಮೆ ಖರ್ಚು ಕಾಣದಿದ್ದರೆ ಬ್ಯಾಂಕಿನವರು ಅದನ್ನು ನಿಷ್ಕ್ರಿಯ ಎನ್ನುವಂತೆ, ದಾಂಪತ್ಯದಲ್ಲಿ ಫೋಟೊ, ಕರೆ, ಚಾಟು, ಹಣ ಕಳುಹಿಸಿದ ಚೀಟಿ ಕಾಣದಿದ್ದರೆ ಅದೂ ನಿಷ್ಕ್ರಿಯವಾಗುತ್ತದೆ ಎಂದು ಅರ್ಥ ಮಾಡಿಕೊಂಡಿದ್ದೇನೆ.

ಈ ಅಳತೆಗೋಲನ್ನು ಹಿಡಿದು ನನ್ನ ಅಜ್ಜ ಅಜ್ಜಿಯನ್ನು ಅಳೆದು ನೋಡಿದೆ. ಹಾವೇರಿ ಕಡೆಯ ಹಳ್ಳಿಯಲ್ಲಿ ಐವತ್ತೆಂಟು ವರ್ಷ ಒಂದೇ ಸೂರಿನಡಿ ಬಾಳಿ, ಏಳು ಮಕ್ಕಳನ್ನು ಹೆತ್ತು ಬೆಳೆಸಿದ ಆ ದಂಪತಿಗೆ ವೀಸಾ ಖಂಡಿತ ಸಿಗುತ್ತಿರಲಿಲ್ಲ. ಅವರಿಬ್ಬರದು ಇರುವುದು ಒಂದೇ ಫೋಟೊ, ಅದೂ ಸ್ಟುಡಿಯೊದಲ್ಲಿ ತೆಗೆಸಿದ್ದು. ಅದರಲ್ಲಿ ಅಜ್ಜ ಕುರ್ಚಿಯಲ್ಲಿ ಕುಳಿತಿದ್ದಾರೆ, ಅಜ್ಜಿ ಒಂದು ಮಾರು ದೂರದಲ್ಲಿ ನಿಂತು, ಜಮೀನಿನ ವ್ಯಾಜ್ಯಕ್ಕೆ ಸಾಕ್ಷಿ ಹೇಳಲು ಬಂದವರಂತೆ ನೇರ ಕ್ಯಾಮೆರಾವನ್ನು ದಿಟ್ಟಿಸುತ್ತಿದ್ದಾರೆ. ಅಧಿಕಾರಿ ಕೂರಿಸಿಕೊಂಡು "ನಿಮ್ಮ ಗಂಡನ ಹೆಸರೇನು?" ಎಂದು ಕೇಳಿದ್ದರೆ ಅರ್ಜಿ ಅಲ್ಲಿಗೇ ಬಿದ್ದುಹೋಗುತ್ತಿತ್ತು, ಏಕೆಂದರೆ ಅಜ್ಜಿ ಜೀವಮಾನದಲ್ಲಿ ಆ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಯಾರದೋ ಮದುವೆಯಲ್ಲಿ, ಹೆಂಗಸರೆಲ್ಲ ಸುತ್ತುವರಿದು ಪೀಡಿಸಿದಾಗ, ಒಡಪಿನ ಎರಡು ಸಾಲುಗಳ ನಡುವೆ ಅಡಗಿಸಿಕೊಂಡು. ಮಿಕ್ಕಂತೆ ಅಜ್ಜ ಅವರಿಗೆ "ಇವರು" ಅಥವಾ "ಇಲ್ಲಿ ಕೇಳ್ರಿ" ಅಷ್ಟೇ. ಪರಸ್ಪರ ಪತ್ರ ವ್ಯವಹಾರ: ಇಲ್ಲ. ಒಟ್ಟಿಗೆ ಕೈಗೊಂಡ ಪ್ರವಾಸ: ಉಳವಿ ಜಾತ್ರೆ, ಒಂದು ಸಲ, ಬೇರೆ ಬೇರೆ ಚಕ್ಕಡಿಗಳಲ್ಲಿ. ಸಂಬಂಧ ನೈಜವೆಂದು ತೃಪ್ತಿಯಾಗಿಲ್ಲ, ಅರ್ಜಿ ವಜಾ.

ನಮ್ಮ ಹುಡುಗನಿಗೆ ಫೋಟೊಗಳ ಕೊರತೆಯಿಲ್ಲ, ಸಮಸ್ಯೆ ಬೇರೆ. ಇಲೊಯಿಲೊದ ಮದುವೆಯ ಊಟದ ಮೇಜಿನ ಮೇಲೆ ಅಲ್ಲಿನ ಪದ್ಧತಿಯಂತೆ ಇಡೀ ಹಂದಿಯೊಂದನ್ನು ಸುಟ್ಟು, ಹೊಂಬಣ್ಣ ಬರಿಸಿ, ಮೂತಿ ಮುಂದೆ ಮಾಡಿ ಮಲಗಿಸಿದ್ದರು. ಅದಕ್ಕೆ ಲೆಚೋನ್ ಎನ್ನುತ್ತಾರೆ. ಹುಡುಗನ ತಾಯಿ ಕೊರಳಲ್ಲಿ ಲಿಂಗ ಕಟ್ಟಿಕೊಂಡವರು. ಆ ಮದುವೆಯನ್ನು ಅವರು ಅನ್ನ ಮತ್ತು ಮಾವಿನಹಣ್ಣಿನಲ್ಲೇ ಮುಗಿಸಿದರು. ಎರಡೂ ಕುಟುಂಬಗಳು ಒಟ್ಟಿಗಿರುವ ಏಕೈಕ ದೊಡ್ಡ ಫೋಟೊವನ್ನು ತೆಗೆದದ್ದು ಅದೇ ಮೇಜಿನ ಹಿಂದೆ. ಅದರಲ್ಲಿ ಬೀಗರೆಲ್ಲರೂ ನಗುತ್ತಿದ್ದಾರೆ, ತಾಯಿಯೊಬ್ಬರೇ ಮುಖ ಸಿಂಡರಿಸಿಕೊಂಡು ಬೇರೆ ಕಡೆ ತಿರುಗಿದ್ದಾರೆ. ಅಧಿಕಾರಿ ಇದನ್ನು ಕಂಡು ವರನ ತಾಯಿಗೆ ಈ ಮದುವೆ ಒಪ್ಪಿಗೆಯಿಲ್ಲ ಎಂದು ಬರೆದುಕೊಂಡರೆ ಗತಿಯೇನು ಎಂಬ ವಿಷಯದ ಮೇಲೆ ನಮ್ಮ ಮನೆಯಲ್ಲಿ ಒಂದು ಸಂಜೆ ಪೂರ್ತಿ ಚರ್ಚೆ ನಡೆಯಿತು. ಫೋಟೊದ ಕೆಳಗೆ "ತಾಯಿಯವರ ಅಸಮ್ಮತಿ ಹಂದಿಗೆ ಮಾತ್ರ ಸಂಬಂಧಿಸಿದೆ" ಎಂದು ಟಿಪ್ಪಣಿ ಬರೆಯುವುದೆಂದು ತೀರ್ಮಾನವಾಗಿದೆ.

ಹಾಗೆಂದು ಫಿಲಿಪ್ಪೀನ್ಸ್ ಸರ್ಕಾರವೇನೂ ಕಾಗದದಲ್ಲಿ ಹಿಂದೆ ಬಿದ್ದಿಲ್ಲ. ಅಲ್ಲಿ ಮದುವೆಯಾಗಬೇಕಾದರೆ ಮೊದಲು ಮದುವೆಯಾಗಿಲ್ಲ ಎಂಬ ಪ್ರಮಾಣಪತ್ರ ಬೇಕು, ಅದನ್ನು ಸೆನೊಮಾರ್ ಎನ್ನುತ್ತಾರೆ, ಕೊಡುವುದು ದೇಶದ ಅಂಕಿಅಂಶ ಪ್ರಾಧಿಕಾರ. ಒಂಟಿತನವನ್ನು ಅಂಕಿಅಂಶ ಇಲಾಖೆಯೇ ದೃಢೀಕರಿಸುವ ಈ ಏರ್ಪಾಡಿನಲ್ಲಿ ಕಾವ್ಯವಿದೆ ಎಂದು ನನಗೆ ಪ್ರಾಮಾಣಿಕವಾಗಿ ಅನ್ನಿಸಿದೆ. ವರನೂ ತನ್ನ ದೇಶದಿಂದ, ಈತ ಮದುವೆಯಾಗಲು ಅಡ್ಡಿಯಿಲ್ಲ ಎಂಬ ಪತ್ರ ತರಬೇಕು. ಆಮೇಲೆ ಇಬ್ಬರ ಹೆಸರನ್ನೂ ಸ್ಥಳೀಯ ನೋಂದಣಿ ಕಚೇರಿಯ ಫಲಕದಲ್ಲಿ 10 ದಿನ ತೂಗುಹಾಕುತ್ತಾರೆ. ಕುಟುಂಬ ಯೋಜನೆಯನ್ನೂ ಒಳಗೊಂಡ ಒಂದು ವಿವಾಹಪೂರ್ವ ತರಗತಿಯಲ್ಲಿ ಕೂರಿಸುತ್ತಾರೆ. ಕೊನೆಗೆ ಕೈಗೆ ಬರುವ ಪರವಾನಗಿಗೆ 120 ದಿನಗಳ ಆಯುಷ್ಯ. ಮದುವೆಯಾಗಿ, ವೀಸಾ ಬಂದು, ಹೆಣ್ಣು ವಿಮಾನ ಹತ್ತುವ ಮೊದಲು ಇನ್ನೊಂದು ಸರ್ಕಾರಿ ಆಪ್ತಸಮಾಲೋಚನೆಯಿದೆ, ವಿದೇಶಿಯನ್ನು ಕೈಹಿಡಿದವರಿಗೆಂದೇ ಏರ್ಪಡಿಸಿದ್ದು. ಇದರ ಬಗ್ಗೆ ನಗುವುದಕ್ಕೆ ನನಗೆ ಬಾಯಿ ಬರುವುದಿಲ್ಲ. ಕ್ಯಾಟಲಾಗಿನಿಂದ ಸೀರೆ ಆರಿಸಿದಂತೆ ಹೆಣ್ಣನ್ನು ಆರಿಸಿಕೊಂಡು ಹೋದ ಗಂಡಸರು ಆ ದೇಶದ ಹೆಣ್ಣುಮಕ್ಕಳಿಗೆ ಮಾಡಿದ್ದನ್ನು ಕಂಡೇ ಅಲ್ಲಿ 1990ರಲ್ಲಿ ಒಂದು ಕಾನೂನು, 2016ರಲ್ಲಿ ಅದರ ಬದಲಿಗೆ ಇನ್ನೊಂದು ಕಾನೂನು ಬಂದವು. ಅಲ್ಲಿನ ಸರ್ಕಾರದ ಸಂಶಯ, ತನ್ನ ಮಗಳನ್ನು ದೂರದೂರಿಗೆ ಕೊಡುವ ತಂದೆಯ ಸಂಶಯ. ಇಲ್ಲಿನ ಸರ್ಕಾರದ ಸಂಶಯ ಅಂಥದ್ದಲ್ಲ.

ಇನ್ನೊಂದು ಸೊಗಸು ನೋಡಿ. ವ್ಯಾಟಿಕನ್ನನ್ನು ಬಿಟ್ಟರೆ ವಿಚ್ಛೇದನದ ಕಾನೂನೇ ಇಲ್ಲದ ದೇಶ ಫಿಲಿಪ್ಪೀನ್ಸ್. ಅಲ್ಲಿನ ಮುಸ್ಲಿಮರಿಗೆ ಮಾತ್ರ ಆ ಅವಕಾಶವಿದೆ. ಮಿಕ್ಕವರು ಒಮ್ಮೆ ಕಟ್ಟಿಕೊಂಡರೆ ಬಿಚ್ಚಿಕೊಳ್ಳಲು ನ್ಯಾಯಾಲಯಕ್ಕೆ ಹೋಗಿ, ಈ ಮದುವೆ ಮೊದಲಿನಿಂದಲೂ ಮದುವೆಯೇ ಆಗಿರಲಿಲ್ಲ ಎಂದು ಸಾಧಿಸಬೇಕು. ಅಂಥ ದೇಶದ ಇಗರ್ಜಿಯೊಂದರಲ್ಲಿ, ಎಂಟರ ಆಕಾರದ ಹಗ್ಗವನ್ನು ಇಬ್ಬರ ಹೆಗಲಿಗೂ ಸುತ್ತಿಸಿಕೊಂಡು ಮದುವೆಯಾದ ಹೆಣ್ಣನ್ನು, ಇದು ವೀಸಾಕ್ಕಾಗಿ ಮಾಡಿಕೊಂಡ ತಾತ್ಕಾಲಿಕ ವ್ಯವಸ್ಥೆ ಇರಬಹುದೇ ಎಂದು ಅನುಮಾನಿಸುತ್ತಿರುವವರು, ಹೆಂಡತಿಯನ್ನು ಬಿಡಲು ರೋಮಿನ ಚರ್ಚನ್ನೇ ತೊರೆದ ದೊರೆ ಎಂಟನೆಯ ಹೆನ್ರಿಯ ವಾರಸುದಾರರು.

ಅದೇ ಇಗರ್ಜಿಯಲ್ಲಿ ವರನು ವಧುವಿನ ಅಂಗೈಗೆ 13 ನಾಣ್ಯಗಳನ್ನು ಸುರಿಯುವ ಶಾಸ್ತ್ರವಿದೆ. ನಿನ್ನನ್ನು ಸಾಕುತ್ತೇನೆ ಎಂಬ ಮಾತಿಗೆ ಅದು ಗುರುತು. ದೇವರಿಗೂ ಪಾದ್ರಿಗೂ 13 ನಾಣ್ಯ ಸಾಕಾಯಿತು, ಬ್ರಿಟನ್ನಿಗೆ ವರ್ಷಕ್ಕೆ 29,000 ಪೌಂಡ್ ಸಂಬಳ ಬೇಕು. ಸಂಬಳವಿಲ್ಲದಿದ್ದರೆ 88,500 ಪೌಂಡ್ ಉಳಿತಾಯವನ್ನು ಆರು ತಿಂಗಳು ಕೈಯಲ್ಲಿಟ್ಟುಕೊಂಡಿರಬೇಕು. ಪ್ರೇಮದ ಈ ಬೆಲೆ ನಿಗದಿಯಾದ ಬಗೆ ಸಂತೆಯ ದನದ ವ್ಯಾಪಾರಕ್ಕೆ ಕಡಿಮೆಯಿಲ್ಲ. 2012ರಲ್ಲಿ 18,600 ಎಂದರು. 2023ರ ಡಿಸೆಂಬರಿನಲ್ಲಿ ಆಗಿನ ಗೃಹ ಸಚಿವ ಜೇಮ್ಸ್ ಕ್ಲೆವರ್ಲಿ ಒಮ್ಮೆಲೇ 38,700 ಎಂದು ಕೂಗಿದರು. ಗಲಾಟೆಯಾಯಿತು, ಮೂರು ವಾರ ಕಳೆಯುವುದರೊಳಗೆ ಹಂತ ಹಂತವಾಗಿ ಏರಿಸುತ್ತೇವೆ ಎಂದು ದನಿ ತಗ್ಗಿಸಿದರು. 2024ರ ಏಪ್ರಿಲ್ 11ರಿಂದ ಮೊದಲ ಹಂತವಾಗಿ 29,000 ಬಂತು. ಅಷ್ಟರಲ್ಲಿ ಸರ್ಕಾರ ಬದಲಾಯಿತು. ಹೊಸಬರು ಮುಂದಿನ ಏರಿಕೆಯನ್ನು ನಿಲ್ಲಿಸಿದರು, ಆಗಿದ್ದನ್ನು ಇಳಿಸಲಿಲ್ಲ, ವಲಸೆ ಸಲಹಾ ಸಮಿತಿಯೊಂದರ ಮುಂದೆ ಇಟ್ಟರು. ಸಮಿತಿಯು 2025ರ ಜೂನ್‌ನಲ್ಲಿ ವರದಿ ಕೊಟ್ಟು ಇದಕ್ಕಿಂತ ಕಡಿಮೆ ಮೊತ್ತಗಳನ್ನು ಮುಂದಿಟ್ಟಿತು.

ಈ 29,000 ಎಂದರೇನು ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಹಾಕೋಣ. 2025ರ ಏಪ್ರಿಲ್‌ನಲ್ಲಿ ಸರ್ಕಾರವೇ ನಿಗದಿ ಮಾಡಿದ ಕನಿಷ್ಠ ಕೂಲಿ ಗಂಟೆಗೆ 12 ಪೌಂಡ್ 21 ಪೆನ್ಸ್. ವಾರಕ್ಕೆ 40 ಗಂಟೆಯಂತೆ ವರ್ಷದ 52 ವಾರವೂ ದುಡಿದರೆ 25,397 ಪೌಂಡ್ ಆಗುತ್ತದೆ. ಅಂದರೆ ಒಬ್ಬ ಮನುಷ್ಯ ಬದುಕಲು ಇಷ್ಟು ಸಾಕು ಎಂದು ಒಂದು ಕೈಯಲ್ಲಿ ಬರೆದ ಸರ್ಕಾರ, ಇಷ್ಟರಲ್ಲಿ ಹೆಂಡತಿಯೊಂದಿಗೆ ಬದುಕಲು ನಿನಗೆ ಅರ್ಹತೆಯಿಲ್ಲ ಎಂದು ಇನ್ನೊಂದು ಕೈಯಲ್ಲಿ ಬರೆದಿದೆ. ಮುಂದೆ ಹೆಂಡತಿ ಬಂದು ಇಲ್ಲಿ ದುಡಿಯಬಹುದಾದ ಸಂಬಳ ಲೆಕ್ಕಕ್ಕಿಲ್ಲ, ಅವಳು ಈಗ ಅಲ್ಲಿ ದುಡಿಯುತ್ತಿರುವುದೂ ಲೆಕ್ಕಕ್ಕಿಲ್ಲ. ನಮ್ಮ ಹುಡುಗ ಮುದುಕರ ಆರೈಕೆ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಾನೆ. ಬೇರೆಯವರ ತಂದೆ ತಾಯಿಯರನ್ನು ಎಬ್ಬಿಸಿ, ಮೀಯಿಸಿ, ಉಣ್ಣಿಸುವ ಈ ಕೆಲಸಕ್ಕೆ ಕೊರೊನಾ ಕಾಲದಲ್ಲಿ ಇಡೀ ದೇಶ ಬಾಗಿಲಿಗೆ ಬಂದು ಚಪ್ಪಾಳೆ ತಟ್ಟಿತ್ತು. ವೀಸಾ ಅರ್ಜಿಯಲ್ಲಿ ಚಪ್ಪಾಳೆಯನ್ನು ನಮೂದಿಸಲು ಅಂಕಣವಿಲ್ಲ. ಕೊರತೆ ತುಂಬಿಸಲು ಅವನು ರಾತ್ರಿ ಹೊತ್ತು ಗೋದಾಮೊಂದರಲ್ಲಿ ಪೆಟ್ಟಿಗೆ ಎತ್ತುತ್ತಿದ್ದಾನೆ, ಆರು ತಿಂಗಳ ಸಂಬಳದ ಚೀಟಿಗಳು ಬ್ಯಾಂಕಿನ ಪಟ್ಟಿಯೊಂದಿಗೆ ಪೆನ್ನಿಗೆ ಪೆನ್ನಿ ತಾಳೆಯಾಗಬೇಕಲ್ಲ. ಎರಡು ಕೆಲಸದ ನಡುವೆ ನಿದ್ದೆಗೇ ಹೊತ್ತು ಸಿಗದ ಕಾರಣ ಹೆಂಡತಿಯೊಂದಿಗಿನ ಮಾತು ಕಡಿಮೆಯಾಗಿದೆ. ಆದಾಯದ ಕಡತ ದಪ್ಪವಾದಷ್ಟೂ ಚಾಟಿನ ಕಡತ ತೆಳುವಾಗುತ್ತಿದೆ.

ಹುಡುಗಿಯ ಕಡೆಗೆ ಬರೋಣ. ಅವಳು ಇಲೊಯಿಲೊದ ಶಾಲೆಯೊಂದರಲ್ಲಿ ಆರನೆಯ ತರಗತಿಗೆ ಇಂಗ್ಲಿಷ್ ಕಲಿಸುತ್ತಾಳೆ. ಅವಳ ದೇಶದ ಸಂವಿಧಾನದಲ್ಲಿ ಇಂಗ್ಲಿಷ್ ಅಧಿಕೃತ ಭಾಷೆ. ಆದರೆ ಬ್ರಿಟನ್ ಇಟ್ಟುಕೊಂಡಿರುವ ಇಂಗ್ಲಿಷ್ ದೇಶಗಳ ಪಟ್ಟಿಯಲ್ಲಿ ಫಿಲಿಪ್ಪೀನ್ಸ್ ಇಲ್ಲ. ಆದ್ದರಿಂದ ಒಂದೋ ಅವಳ ಪದವಿ ಇಂಗ್ಲಿಷಿನಲ್ಲೇ ನಡೆದದ್ದು ಎಂದು ಇಲ್ಲಿನ ಸಂಸ್ಥೆಯೊಂದರಿಂದ ದುಡ್ಡು ಕೊಟ್ಟು ಬರೆಸಿಕೊಳ್ಳಬೇಕು, ಇಲ್ಲವೇ ಪರೀಕ್ಷೆಗೆ ಕೂರಬೇಕು. ಅವಳು ಕುಳಿತಳು. ಅಲ್ಲಿ ಇಬ್ಬರು ಅಭ್ಯರ್ಥಿಗಳನ್ನು ಜೋಡಿಯಾಗಿ ಕೂರಿಸಿ, ಹದಿನೆಂಟು ನಿಮಿಷ ಮೀರದಂತೆ, ನಿಮ್ಮ ಊರು ಯಾವುದು, ವಾರಾಂತ್ಯದಲ್ಲಿ ಏನು ಮಾಡುತ್ತೀರಿ ಎಂದೆಲ್ಲ ಮಾತಾಡಿಸುತ್ತಾರೆ. ಜೊತೆಗೆ ಕೂತಿದ್ದ ಹೆಂಗಸಿಗೆ ಗಾಬರಿಯಲ್ಲಿ ಮಾತು ನಿಂತುಹೋದಾಗ, ಇವಳು ಅಭ್ಯಾಸಬಲದಿಂದ ವಾಕ್ಯವನ್ನು ಪೂರ್ತಿ ಮಾಡಿಕೊಡಲು ಹೋಗಿ ನಾಲಿಗೆ ಕಚ್ಚಿಕೊಂಡಳಂತೆ.

ಇವಳ ಅಕ್ಕ ನರ್ಸು. ಹುಡುಗ ಕೆಲಸ ಮಾಡುವ ಆರೈಕೆ ಕೇಂದ್ರಕ್ಕೆ ನಾಲ್ಕು ವರ್ಷಗಳ ಹಿಂದೆ ಬಂದವಳು ಅವಳೇ, ಸಂಬಂಧ ಕುದುರಿದ್ದೂ ಅವಳಿಂದಲೇ. ನರ್ಸಾಗಿ ಬರುವವರಿಗೆ ವೀಸಾದ ಜೊತೆ, ಇಲ್ಲಿನ ಸರ್ಕಾರಿ ವೈದ್ಯಸೇವೆಗೆಂದು ವಸೂಲು ಮಾಡುವ ಆರೋಗ್ಯ ಸರ್‌ಚಾರ್ಜ್ ಇಲ್ಲ. ಹೆಂಡತಿಯಾಗಿ ಬರುವವರಿಗೆ ವರ್ಷಕ್ಕೆ 1,035 ಪೌಂಡಿನಂತೆ ಮೊದಲ ವೀಸಾದ ಅವಧಿಗೆ 3,105 ಪೌಂಡ್ ಮುಂಗಡ. ನಮ್ಮ ಕವೆಂಟ್ರಿಯ ಆಸ್ಪತ್ರೆಯಲ್ಲೇ 2020ರ ಡಿಸೆಂಬರ್ 8ರಂದು, ಪ್ರಯೋಗದ ಹಂತ ದಾಟಿದ ಫೈಝರ್ ಲಸಿಕೆಯನ್ನು ಜಗತ್ತಿನಲ್ಲಿ ಮೊದಲ ಬಾರಿಗೆ ಚುಚ್ಚಿದ ಕೈ ಫಿಲಿಪ್ಪೀನ್ಸಿನಿಂದ ಬಂದ ನರ್ಸ್ ಮೇ ಪಾರ್ಸನ್ಸ್ ಅವರದು. ಆ ದಿನದ ಚಿತ್ರವನ್ನು ತೋರಿಸದ ಟಿವಿ ವಾಹಿನಿಯಿಲ್ಲ. ಒಂದೇ ಊರಿನ ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳಲ್ಲಿ, ಈ ದೇಶದ ಮುದುಕರಿಗೆ ಆರೈಕೆ ಮಾಡಲು ಬಂದರೆ ಸ್ವಾಗತ, ಈ ದೇಶದ ಒಬ್ಬ ಪ್ರಜೆಯೊಂದಿಗೆ ಸಂಸಾರ ಮಾಡಲು ಬಂದರೆ ಸುಂಕ.

ಸುಂಕದ ಪೂರ್ತಿ ಪಟ್ಟಿ 2025ರ ದರದಂತೆ ಹೀಗಿದೆ. ಮೊದಲ ಅರ್ಜಿಗೆ 1,938, ಅದರೊಂದಿಗೆ ಈಗ ಹೇಳಿದ 3,105. 33 ತಿಂಗಳ ಬಳಿಕ ಇವರಿನ್ನೂ ಗಂಡ ಹೆಂಡತಿಯೇ ಎಂದು ಮತ್ತೆ ಸಾಬೀತು ಮಾಡಲು 1,321 ಮತ್ತು ಸರ್‌ಚಾರ್ಜ್ 2,587.50, ಐದು ವರ್ಷ ತುಂಬಿದ ಮೇಲೆ ಶಾಶ್ವತ ವಾಸಕ್ಕೆ 3,029. ಹೆಚ್ಚುಕಡಿಮೆ 12,000 ಪೌಂಡ್. ಕ್ಷಯರೋಗದ ಎಕ್ಸ್‌ರೇ, ಪರೀಕ್ಷಾ ಶುಲ್ಕ, ವಕೀಲರು, ವಿಮಾನ ಇವೆಲ್ಲ ಬೇರೆ. ತೀರ್ಮಾನ ಬೇಗ ಬೇಕೆಂದರೆ ಇನ್ನೂ 500 ಪೌಂಡ್ ಕೊಟ್ಟು ಸಾಲಿನ ಮುಂದೆ ಹೋಗಬಹುದು. ನಮ್ಮ ದೇವಸ್ಥಾನಗಳ ವಿಶೇಷ ದರ್ಶನದ ಟಿಕೆಟ್ಟನ್ನು ಇಲ್ಲಿಯವರೂ ಅಳವಡಿಸಿಕೊಂಡಿರುವುದು ನಮಗೆ ಹೆಮ್ಮೆಯ ವಿಷಯ.

ಹೆಮ್ಮೆಯ ಮಾತು ಸಾಕು. ಈ ನಿಯಮ ಯಾರನ್ನೂ ಮೋಸದಿಂದ ಕಾಪಾಡುವುದಿಲ್ಲ. ಮೋಸ ಮಾಡುವವನ ಬಳಿ ಕಾಗದಗಳು ಎಲ್ಲರಿಗಿಂತ ಚೊಕ್ಕವಾಗಿರುತ್ತವೆ, ದುಡ್ಡೂ ಇರುತ್ತದೆ. ಸಿಕ್ಕಿಬೀಳುವವರು ಅಂಗಡಿಯಲ್ಲಿ, ಅಡುಗೆಮನೆಯಲ್ಲಿ, ಆರೈಕೆ ಕೇಂದ್ರದಲ್ಲಿ ದುಡಿಯುವವರು, ಮಗು ಹುಟ್ಟಿತೆಂದು ಅರ್ಧ ದಿನದ ಕೆಲಸಕ್ಕೆ ಇಳಿದ ಹೆಂಗಸರು. ತಂದೆಯನ್ನೋ ತಾಯಿಯನ್ನೋ ಪರದೆಯ ಮೇಲಷ್ಟೇ ಕಂಡು ಬೆಳೆಯುತ್ತಿರುವ ಮಕ್ಕಳಿರುವ ಮನೆಗಳಿಗೆ ಸ್ಕೈಪ್ ಕುಟುಂಬ ಎಂಬ ಹೆಸರು 2015ರಲ್ಲೇ ಬಿದ್ದಿತ್ತು. 2017ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟು ಆದಾಯದ ಮಿತಿ ಕಾನೂನುಬದ್ಧವೇ ಸರಿ ಎನ್ನುತ್ತಲೇ, ಮಕ್ಕಳ ಹಿತವನ್ನು ನಿಯಮಗಳು ಸರಿಯಾಗಿ ಗಮನಿಸಿಲ್ಲ ಎಂದು ಹೇಳಿತು. ಆಮೇಲೆ ಸ್ಕೈಪೇ ಮುಚ್ಚಿಹೋಯಿತು, ಕುಟುಂಬಗಳು ವಾಟ್ಸ್ಯಾಪಿಗೆ ಬಂದಿವೆ.

ಪತ್ರಕ್ಕೆ ಕುಳಿತೆ. "ಇವರಿಬ್ಬರನ್ನು ನಾನು ಬಲ್ಲೆ" ಎಂದು ಆರಂಭಿಸಿ, ಹುಡುಗ ಬೆಳಗಿನ ಐದಕ್ಕೆ ಗೋದಾಮಿನಿಂದ ಬಂದು, ಅಲ್ಲಿ ಮಧ್ಯಾಹ್ನವಾಗಿರುವ ಹೊತ್ತಿಗೆ, ಅವಳ ಊಟದ ಬಿಡುವಿನಲ್ಲಿ ಫೋನು ಹಚ್ಚಿಕೊಂಡು ಮಾತಾಡುತ್ತಲೇ ನಮ್ಮ ಬೀದಿಯಲ್ಲಿ ನಡೆದುಹೋಗುವುದನ್ನು ಬರೆದೆ. ಹಂದಿಯ ವಿಷಯವನ್ನೂ ಬರೆದೆ. ಬೆನ್ನ ಹಿಂದೆ ನಿಂತು ಓದುತ್ತಿದ್ದ ನನ್ನ ಹೆಂಡತಿ, "ನಮ್ಮಿಬ್ಬರದ್ದು ನಿಜ ಅಂತ ಯಾರಾದರೂ ಕೇಳಿದರೆ ನೀವು ಏನು ತೋರಿಸ್ತೀರಿ?" ಎಂದಳು. ಮೂವತ್ತೊಂದು ವರ್ಷದ ಸಂಸಾರ, ಏನಾದರೂ ಇದ್ದೇ ಇರುತ್ತದೆ ಎಂದುಕೊಂಡು ಫೋನು ತೆಗೆದು, ನಮ್ಮಿಬ್ಬರ ನಡುವಿನ ವಾಟ್ಸ್ಯಾಪ್ ಸಂದೇಶಗಳನ್ನು ಹಿಂದಕ್ಕೆ ಸರಿಸುತ್ತಾ ಹೋದೆ. "ಹಾಲು." "ಸರಿ." "ನಾಳೆ ಹಸಿರು ಬಿನ್ನು." "ಹ್ಞೂಂ." "ಮೊಸರು ಬೇಡ, ಇದೆ." ಫೆಬ್ರವರಿಯ ತನಕ ಹೋದೆ. ಅಲ್ಲೂ ಹಾಲೇ ಇತ್ತು.