ಓದುವ ಪತ್ರಿಕೆ ಎರಡೇ

ಜುಲೈ 1 ಹತ್ತಿರ ಬಂದರೆ ನಮ್ಮಂಥ ಹಳೇ ಪತ್ರಕರ್ತರಿಗೆ ಶಾಲಿನ ಸುಗ್ಗಿ. ವರ್ಷವಿಡೀ ಯಾರಿಗೂ ಬೇಡದವರು ಪತ್ರಿಕಾ ದಿನಾಚರಣೆಗೆ ದಿಢೀರನೆ ಬೇಕಾಗುತ್ತೇವೆ. ಹಾಗೇ ಕರೆಯಲು ಒಬ್ಬ ಡಿಗ್ರಿ ಹುಡುಗ ಬಂದಿದ್ದ. ಬೈಕಿನ ನಂಬರ್ ಪ್ಲೇಟು ಅರ್ಧ ಮುರಿದಿತ್ತು, 'ಪ್ರೆಸ್' ಅನ್ನುವ ಕೆಂಪು ಸ್ಟಿಕ್ಕರ್ ಮಾತ್ರ ಫಳಫಳ ಅನ್ನುತ್ತಿತ್ತು.

"ನಾನೂ ಜರ್ನಲಿಸ್ಟ್ ಆಗ್ಬೇಕು ಅಂತಿದ್ದೀನಿ ಸರ್."

"ಸ್ಟಿಕ್ಕರ್ ನೋಡಿದ್ರೆ ಆಗೇಬಿಟ್ಟಿದ್ದೀಯಲ್ಲಪ್ಪ."

"ಅದು ಪೊಲೀಸರಿಗೆ ಸರ್. ನಾನು ಹೇಳ್ತಿರೋದು ಆ್ಯಂಕರಿಂಗು."

ಯಾವ ಪೇಪರ್ ಓದ್ತೀಯ ಅಂತ ಕೇಳಿದೆ. ಎಲ್ಲಾ ಪೇಪರುಗಳ ಪಿಡಿಎಫ್ ಬೆಳಗಿನ ಜಾವಕ್ಕೇ ಗ್ರೂಪಿಗೆ ಬೀಳುತ್ತವಂತೆ, ಅವನೇ ಅಡ್ಮಿನ್ ಅಂತೆ. ಓದೋದು ಯಾವಾಗ? "ಫಾರ್ವರ್ಡ್ ಮಾಡೋ ಹೊತ್ತಿಗೇ ಕ್ಲಾಸ್ ಟೈಮ್ ಆಗ್ಬಿಡುತ್ತೆ ಸರ್." ಒಟ್ಟಿನಲ್ಲಿ ಅವನು ಓದುವ ಪತ್ರಿಕೆ ಎರಡೇ: ಆಹ್ವಾನ ಪತ್ರಿಕೆ, ಪ್ರಶ್ನೆ ಪತ್ರಿಕೆ. ಎರಡನೆಯದು ಪರೀಕ್ಷೆಯ ಹಿಂದಿನ ರಾತ್ರಿಯೇ ಸಿಕ್ಕರೆ ಇನ್ನೂ ಶ್ರದ್ಧೆಯಿಂದ.

ಅವನು ಕೊಟ್ಟ ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಹಿಂದೆ 'ಡಾ.' ಇತ್ತು. ನನಗೆ ಯಾವ ವಿಶ್ವವಿದ್ಯಾಲಯವೂ ಆ ಅನ್ಯಾಯ ಮಾಡಿಲ್ಲ. ಯಾಕಪ್ಪ ಇದು ಅಂದೆ. "ಜುಲೈ 1 ಡಾಕ್ಟರ್ಸ್ ಡೇ ಅಲ್ವಾ ಸರ್, ರೀಲ್ಸಲ್ಲಿ ಬಂದಿತ್ತು." ಅದೂ ನಿಜವೇ, ತಪ್ಪು ಅನ್ನುವ ಹಾಗಿಲ್ಲ.

ಅದೇ ದಿನ ಪತ್ರಿಕಾ ದಿನವೂ ಯಾಕೆ ಅನ್ನುವುದನ್ನು ನಾನೇ ಹೇಳಬೇಕಾಯಿತು. 1843ರ ಜುಲೈ 1ರಂದು ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಹೊರಡಿಸಿದ. ಕನ್ನಡದ ಮೊದಲ ಪತ್ರಿಕೆ. ಕಲ್ಲಚ್ಚು, 15 ದಿನಕ್ಕೊಮ್ಮೆ. ಹುಡುಗ ಬೆಚ್ಚಿಬಿದ್ದ. "ಹದಿನೈದು ದಿನಾನಾ ಸರ್? ಮತ್ತೆ ಬ್ರೇಕಿಂಗು?" ಪಾಪ, ಅವನ ಕಷ್ಟ ನನಗೆ ಅರ್ಥವಾಯಿತು. ಆ ಕಾಲದಲ್ಲಿ ಆ್ಯಂಕರ್ ಇದ್ದಿದ್ದರೆ ಪರದೆಯ ಮೇಲೆ ನಿಂತು, "ಒಂದು ಸಣ್ಣ ಬ್ರೇಕ್, ಹದಿಮೂರು ದಿನ ಎಲ್ಲೂ ಹೋಗ್ಬೇಡಿ" ಅನ್ನಬೇಕಿತ್ತು. ಕಲ್ಲಿನ ಮೇಲೆ 'ಶಾಕಿಂಗ್' ಅಂತ ಮೂಡಿಸಿ, ಅದರ ಸುತ್ತ ಬೆಂಕಿಯ ಚಿತ್ರ ಬರೆದು, ಮುಂದೆ ಮೂರು ಆಶ್ಚರ್ಯಸೂಚಕ ಚಿಹ್ನೆ ಹಾಕುವಷ್ಟರಲ್ಲಿ ಸುದ್ದಿಯೇ ಮುದಿಯಾಗುತ್ತಿತ್ತು. ಮೋಗ್ಲಿಂಗ್ ಸಾಹೇಬ ಟಿಆರ್‌ಪಿ ಕಾಣದ ನತದೃಷ್ಟ.

ಹುಡುಗನನ್ನು ಗೇಲಿ ಮಾಡುವುದು ಸುಲಭ. 2016ರ ನವೆಂಬರಿನಲ್ಲಿ ಅವನು ಪ್ರೈಮರಿಯಲ್ಲಿದ್ದ. ಎರಡು ಸಾವಿರದ ನೋಟಿನಲ್ಲಿ ಚಿಪ್ ಇದೆ, 120 ಮೀಟರ್ ಆಳದಲ್ಲಿ ಹೂತಿಟ್ಟರೂ ಉಪಗ್ರಹ ಹಿಡಿಯುತ್ತದೆ ಎಂಬ ವಾಟ್ಸ್ಆ್ಯಪ್ ಪುರಾಣವನ್ನು ಟಿವಿಯಲ್ಲಿ ಕೋಟು ತೊಟ್ಟು ಹೇಳಿದವರು ದೊಡ್ಡವರು. ಅಂಥದ್ದೇನೂ ಇಲ್ಲ ಎಂದು ರಿಸರ್ವ್ ಬ್ಯಾಂಕ್ ಹೇಳಬೇಕಾಯಿತು. 2023ರ ಮೇನಲ್ಲಿ ಅದೇ ನೋಟನ್ನು ವಾಪಸ್ ಪಡೆಯುತ್ತೇವೆ ಅಂದರು. ಎರಡು ವರ್ಷ ಕಳೆದರೂ ಸಾವಿರಾರು ಕೋಟಿಯ ನೋಟುಗಳು ಬ್ಯಾಂಕಿಗೆ ಮರಳಿರಲಿಲ್ಲ. ಉಪಗ್ರಹದ ಕೀಲಿ ಆ ಆ್ಯಂಕರುಗಳ ಹತ್ತಿರವೇ ಇರಬೇಕು, ಒಂದು ಗುಂಡಿ ಒತ್ತಿ ಹುಡುಕಿಕೊಡಬಹುದಿತ್ತು. ತಪ್ಪಾಯಿತು ಅಂತ ಅವರು ತಲೆ ತಗ್ಗಿಸಿದ್ದನ್ನು ನಾನಂತೂ ನೋಡಲಿಲ್ಲ.

ಇರಲಿ. ಹುಡುಗ ತನ್ನ ಡೆಮೊ ವಿಡಿಯೊ ತೋರಿಸಿದ. ಆಸ್ಪತ್ರೆಯ ಶವಾಗಾರದ ಹೊರಗೆ, ಮೆಟ್ಟಿಲ ಮೇಲೆ ಒಬ್ಬ ತಾಯಿ ಕೂತಿದ್ದಾಳೆ. ಮಗ ಅಪಘಾತದಲ್ಲಿ ಹೋಗಿ ಎರಡು ಗಂಟೆಯೂ ಆಗಿಲ್ಲ. ಥರ್ಮಾಕೋಲಿನ ಲೋಗೋ ಅಂಟಿಸಿದ ಮೈಕು ಅವಳ ಬಾಯಿಗೆ ತಾಗುವಷ್ಟು ಹತ್ತಿರ. "ಹೇಳಿ ಅಮ್ಮಾ, ಈಗ ಹೇಗನ್ನಿಸ್ತಿದೆ?" ಆಕೆ ಸೆರಗು ಮುಖಕ್ಕೆ ಒತ್ತಿಕೊಂಡಳು. ಕ್ಯಾಮೆರಾ ಸೆರಗಿನವರೆಗೂ ಹೋಯಿತು. ಹಿಂದೆ ಪಿಟೀಲು.

ಆ ಪ್ರಶ್ನೆ ಇವನು ಕಂಡುಹಿಡಿದದ್ದಲ್ಲ. 'ತಾಯಿ ಬೈಟ್ ಸಿಕ್ತಾ?', ಅಂದರೆ ಕ್ಯಾಮೆರಾ ಮುಂದೆ ತಾಯಿ ನಾಲ್ಕು ಮಾತಾಡಿದಳಾ, ಅಂತ ರಿಪೋರ್ಟರನ್ನು ಫೋನಿನಲ್ಲಿ ಅಟ್ಟಾಡಿಸುತ್ತಿದ್ದವರು ನಾವು. ಆ ಡೆಸ್ಕಿನಲ್ಲಿ ನಾನೂ ಕೂತಿದ್ದೆ. ಅಳು ಸಾಲದು, ಇನ್ನೊಮ್ಮೆ ಕೇಳಿಸು ಅಂದವರೂ ಪಕ್ಕದಲ್ಲೇ ಇದ್ದರು, ನಾನು ಟೀ ಕುಡಿಯುತ್ತಾ ಸುಮ್ಮನಿದ್ದೆ. ಈಗ ಜುಲೈ 1ಕ್ಕೆ ಶಾಲು ಹೊದ್ದು 'ಮೌಲ್ಯ' ಅಂತ ಭಾಷಣ ಬಿಗಿಯಬೇಕು. ನಾಚಿಕೆಯಾಗಬೇಕು ನಮಗೆ. ಹುಡುಗರಿಗೆ ಸಂಬಳವಿಲ್ಲದ ಇಂಟರ್ನ್‌ಶಿಪ್ ಕೊಟ್ಟು, ಆರು ತಿಂಗಳು ಪರದೆಯ ಕೆಳಗೆ ಓಡುವ ಟಿಕ್ಕರ್ ಟೈಪ್ ಮಾಡಿಸಿ, ಕೊನೆಗೆ ಇವರಿಗೆ ಭಾಷೆ ಬರಲ್ಲ ಅಂತ ಬೈಯುವುದೂ ನಾವೇ.

ಹೊರಡುವಾಗ "ಒಂದು ಬೈಟ್ ಕೊಡಿ ಸರ್" ಅಂದ. ಹನ್ನೆರಡು ನಿಮಿಷ ಮಾತಾಡಿದೆ. ಜಾಗಕ್ಕೆ ಹೋಗು, ಇಬ್ಬರನ್ನಾದರೂ ಕೇಳು, ಸತ್ತವರ ಹೆಸರು ವಯಸ್ಸು ಸರಿಯಾಗಿ ಬರೆ, ಅಳುವವರನ್ನು ಅಳಲು ಬಿಡು. ಮಧ್ಯೆ ಬೆವರಿಗೆ ಮಂಜಾಯಿತೆಂದು ಕನ್ನಡಕ ತೆಗೆದು ಒರೆಸಿದೆ.

ಮರುದಿನ ಲಿಂಕ್ ಬಂತು. ನನ್ನ ಕಣ್ಣಿನ ಸುತ್ತ ಕೆಂಪು ವೃತ್ತ, ಅದಕ್ಕೊಂದು ಬಾಣ. 'ಬಿಕ್ಕಿ ಬಿಕ್ಕಿ ಅತ್ತ ಹಿರಿಯ ಪತ್ರಕರ್ತ ಡಾ...!!! ಕೊನೆವರೆಗೂ ನೋಡಿ.'

ಕೊನೆವರೆಗೂ ನೋಡಿದೆ. ನಲವತ್ತು ಸೆಕೆಂಡು ಇತ್ತು. ಕನ್ನಡಕ ತೆಗೆದದ್ದನ್ನು ಮೂರು ಸಲ ತೋರಿಸಿದ್ದಾನೆ. ಹಿಂದೆ ಅದೇ ಪಿಟೀಲು.